ಆಧಾರ್ ಸಂಖ್ಯೆಗೆ ಕಪ್ಪು ಬಳಿಯುವ ಮೊದಲು

ಬಾಡಿಗೆ ಮನೆಗೋ ಲಾಡ್ಜಿಗೋ ಆಧಾರ್ ಪ್ರತಿ ಕೊಡುವಾಗ ಹಲವರು ಪಿಡಿಎಫ್ ತೆರೆದು, ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದು ಕಳಿಸುತ್ತಾರೆ. ಸಂಖ್ಯೆ ಮುಚ್ಚಬೇಕೆಂಬ ಕಾಳಜಿ ಒಳ್ಳೆಯದೇ, ಆದರೆ ದಯವಿಟ್ಟು ಹೀಗೆ ಮಾಡಬೇಡಿ. ಪಟ್ಟಿಯ ಕೆಳಗಿನ ಅಂಕಿಗಳು ಎಷ್ಟೋ ಸಲ ಕಡತದೊಳಗೆ ಹಾಗೇ ಉಳಿದಿರುತ್ತವೆ. ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿದರೆ ಸಿಕ್ಕಿಬಿಡುತ್ತವೆ. ಅದಕ್ಕಿಂತ ದೊಡ್ಡ ನಷ್ಟ, ಆಧಾರ್ ಪ್ರಾಧಿಕಾರ ಆ ಪಿಡಿಎಫ್‌ಗೆ ಹಾಕಿರುವ ಡಿಜಿಟಲ್ ಸಹಿಯದು. ಸಹಿಯಾದ ಕಡತದಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಪರೀಕ್ಷಿಸುವ ಲೆಕ್ಕ ತಾಳೆಯಾಗುವುದಿಲ್ಲ. ನೀವು ಮುಚ್ಚಿದ್ದು ಒಳ್ಳೆಯ ಉದ್ದೇಶಕ್ಕೋ ಮೋಸಕ್ಕೋ ಎಂಬುದು ಆ ಲೆಕ್ಕಕ್ಕೆ ತಿಳಿಯದು.

ಅದರ ಬದಲು, ಪ್ರಾಧಿಕಾರದ ಜಾಲತಾಣದಲ್ಲಿ ಇ-ಆಧಾರ್ ಇಳಿಸಿಕೊಳ್ಳುವಾಗ 'ಮಾಸ್ಕ್ಡ್ ಆಧಾರ್' ಆಯ್ದುಕೊಳ್ಳಿ. ಮೊದಲ 8 ಅಂಕಿ ಮರೆಯಾಗಿ ಕೊನೆಯ 4 ಮಾತ್ರ ಕಾಣುತ್ತವೆ. ಇಲ್ಲಿ ಪ್ರಾಧಿಕಾರ ಸಹಿ ಹಾಕುವುದು ಅಂಕಿ ಮುಚ್ಚಿದ ಪ್ರತಿಗೇ. ಹಾಗಾಗಿ ಗುಟ್ಟೂ ಉಳಿಯುತ್ತದೆ, ಸಾಚಾತನವೂ ಉಳಿಯುತ್ತದೆ.

ಪ್ರತಿ ಪಡೆಯುವವರಿಗೂ ಒಂದು ಮಾತು. ಪಿಡಿಎಫ್‌ನಲ್ಲಿ ಸಹಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ನಕಲಿ ಎಂದು ಗಾಬರಿಯಾಗಬೇಡಿ. ನಿಮ್ಮ ಕಂಪ್ಯೂಟರ್ ಆ ಪ್ರಮಾಣಪತ್ರವನ್ನು ಇನ್ನೂ ನಂಬಿಲ್ಲ ಎಂದಷ್ಟೇ ಅರ್ಥವಿರಬಹುದು. ಸಹಿಯ ವಿವರ ತೆರೆದು, ಪ್ರಮಾಣಪತ್ರ ಯಾರದು, ಅದನ್ನು ಕೊಟ್ಟವರು ಯಾರು ಎಂದು ನೋಡಿದ ಮೇಲೆಯೇ ನಂಬಿಕೆಯ ಪಟ್ಟಿಗೆ ಸೇರಿಸಿ. ಸಹಿ ಸರಿಯಿದೆ ಎನ್ನುವ ಹಸಿರು ಗುರುತಿನ ಚಿತ್ರವನ್ನು ಯಾರು ಬೇಕಾದರೂ ಅಂಟಿಸಬಹುದು; ಅದನ್ನು ಕಂಡು ಒಪ್ಪಿಕೊಳ್ಳಬೇಡಿ.

ಮುದ್ರಿಸಿದ ಕಾಗದದಲ್ಲಿ ಪಿಡಿಎಫ್‌ನ ಸಹಿಯನ್ನು ಪರೀಕ್ಷಿಸಲಾಗದು. ಅದರಲ್ಲಿರುವ ಕ್ಯೂಆರ್ ಕೋಡ್‌ನ ಮಾಹಿತಿಗೂ ಪ್ರಾಧಿಕಾರದ ಸಹಿ ಇರುವುದರಿಂದ, ಅವರದೇ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ಹೆಸರು, ಫೋಟೊ ಹೋಲಿಸಿ ನೋಡಿ.