ಟೈರ್ ಗಾಡಿಗೆ ಬ್ರೇಕು ಬೇಡವೇ?

ನಮ್ಮೂರಿಂದ ಹೊಲಕ್ಕೆ ಹೋಗಬೇಕಾದರೆ ಕೆರೆ ಏರಿ ಇಳಿಯಬೇಕು. ಹತ್ತು ಅಡಿಗೆ ಒಂದು ಅಡಿಯಷ್ಟು ಇಳಿಜಾರು. ಮರದ ಚಕ್ರದ ಗಾಡಿ ಇದ್ದಾಗ ಹತ್ತುವುದೇ ಕಷ್ಟ, ಇಳಿಯುವುದು ಅಷ್ಟು ಕಷ್ಟ ಇರಲಿಲ್ಲ. ಟೈರು ಹಾಕಿಸಿದ ಮೇಲೆ ಉಲ್ಟಾ ಆಯ್ತು. ಒಂದು ದಿನ ಗೊಬ್ಬರದ ಗಾಡಿ ಹಿಂದಿನಿಂದ ನೂಕಿ ಎಡಗಡೆ ಎತ್ತು ಮುಗ್ಗರಿಸಿ ಮುಂಗಾಲು ಮುರ್ಕೊಂಡ್ತು. ಎಂಟು ವರ್ಷ ನನ್ನ ಜೊತೆ ದುಡಿದ ಎತ್ತು, ಉಳಿಯಲಿಲ್ಲ. ತಪ್ಪು ಅದರದ್ದಲ್ಲ, ನನ್ನದು.

ಲೆಕ್ಕ ಸುಲಭ. ಇಂಥ ಇಳಿಜಾರಿನಲ್ಲಿ 1000 ಕೆಜಿ ತೂಕದ ಗಾಡಿ ಸುಮಾರು 100 ಕೆಜಿ ಬಲದಿಂದ ಮುಂದಕ್ಕೆ ನೂಕುತ್ತದೆ. ಮರದ ಚಕ್ರದಲ್ಲಿ ಗುಂಬಕ್ಕೆ ಇರುಸು ಉಜ್ಜಿ ಒಂದಿಷ್ಟು ತಡೆ ಸಿಗುತ್ತೆ. ಬೇರಿಂಗಿನ ಚಕ್ರದಲ್ಲಿ ಆ ತಡೆ ಇಲ್ಲ. ಆ ಭಾರ ನೊಗದಿಂದ ಎತ್ತಿನ ಕುತ್ತಿಗೆಗೂ ಕೊಂಬಿನ ಬುಡಕ್ಕೂ ಬೀಳುತ್ತದೆ.

ಮೊದಲು ಟೈರಿಗೆ ಮರದ ದಿಮ್ಮಿ ಒತ್ತಿ ನೋಡಿದೆ. ಟೈರು ಸವೆಯಿತೇ ಹೊರತು ಗಾಡಿ ನಿಲ್ಲಲಿಲ್ಲ. ಆಮೇಲೆ ಗುಜರಿಯಲ್ಲಿ ಹಳೇ ಸಣ್ಣ ಲಾರಿಯ ಮುಂದಿನ ಆಕ್ಸಲ್ ಸಿಕ್ತು, ಬ್ರೇಕ್ ಡ್ರಮ್ ಸಮೇತ. ಅದನ್ನು ಕೂರಿಸುವಾಗ ಕಲಿತದ್ದು ಇಷ್ಟು.

1. ಮುಂದಿನ ಆಕ್ಸಲಿನ ಚಕ್ರಗಳು ಕಿಂಗ್ ಪಿನ್ ಮೇಲೆ ಆಚೀಚೆ ತಿರುಗುತ್ತವೆ. ಗಾಡಿಗೆ ತಿರುಗಬಾರದು. ಎರಡು ಟೈರುಗಳ ನಡುವಿನ ಅಂತರವನ್ನು ಮುಂದೆ ಒಮ್ಮೆ, ಹಿಂದೆ ಒಮ್ಮೆ ದಾರದಿಂದ ಅಳೆಯಿರಿ. ಎರಡೂ ಸಮ ಬಂದಾಗ ಟೈ ರಾಡನ್ನು ಪಟ್ಟಿ, ಯು ಬೋಲ್ಟ್ ಹಾಕಿ ಆಕ್ಸಲಿಗೆ ಬಿಗಿಯಿರಿ.

2. ಆಕ್ಸಲಿಗೆ ವೆಲ್ಡಿಂಗ್ ಬೇಡ. ಬೆಂಕಿ ತಾಗಿದ ಜಾಗದಲ್ಲಿ ಬಿರುಕು ಬಿಡಬಹುದು. ಕಮಾನ್ ಪಟ್ಟಿ ಕೂರುತ್ತಿದ್ದ ಜಾಗದಲ್ಲೇ ತೂತುಗಳಿವೆ, ಅಲ್ಲಿಗೇ ಗಾಡಿಯ ಚೌಕಟ್ಟು ಕಟ್ಟಿ. ಎತ್ತರ ಸಾಲದಿದ್ದರೆ ನಡುವೆ ಗಟ್ಟಿ ಮರದ ತುಂಡು ಕೊಡಿ. ಎತ್ತು ಕಟ್ಟಿದಾಗ ಮೂಕಿ ಮಟ್ಟಸವಾಗಿರಬೇಕು.

3. ಆ ಆಕ್ಸಲಿನಲ್ಲಿ ಹ್ಯಾಂಡ್ ಬ್ರೇಕಿಗೆ ಜಾಗವೇ ಇರಲಿಲ್ಲ, ಆಯಿಲ್ ಬ್ರೇಕು ಮಾತ್ರ. ಗಾಡಿ ಹೊಡೆಯುವವನ ಕಾಲ ಹತ್ತಿರ ಮಾಸ್ಟರ್ ಸಿಲಿಂಡರ್, ಪೆಡಲ್ ಕೂರಿಸಿದೆವು. ಲಾರಿಯಲ್ಲಿ ಇಂಜಿನ್ ಸಹಾಯ ಇರುತ್ತೆ, ಇಲ್ಲಿ ಕಾಲಿನ ಬಲವೇ ಗತಿ. ಅದಕ್ಕೇ ಪೆಡಲ್ ಉದ್ದ ಮಾಡಿಸಿದೆ.

4. ವೀಲ್ ಸಿಲಿಂಡರಿನ ರಬ್ಬರುಗಳನ್ನು ಹೊಸದಾಗಿ ಹಾಕಿಸಿ. ಬ್ರೇಕ್ ಆಯಿಲನ್ನೇ ಹೊಯ್ಯಿರಿ. ನಾನು ದುಡ್ಡು ಉಳಿಸಲು ಇಂಜಿನ್ ಆಯಿಲ್ ಹಾಕಿದ್ದೆ. ರಬ್ಬರು ಊದಿಕೊಂಡು ಬ್ರೇಕು ಹಿಡಿದೇ ಬಿಟ್ಟಿತು. ಎಲ್ಲಾ ಬಿಚ್ಚಿ ಮತ್ತೆ ಹೊಸ ರಬ್ಬರು ಹಾಕಬೇಕಾಯ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು.

5. ಪೈಪಿನಲ್ಲಿ ಗಾಳಿ ಉಳಿದರೆ ಪೆಡಲ್ ಮೆತ್ತಗಾಗುತ್ತೆ, ಬ್ರೇಕು ಹಿಡಿಯಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ ಗಾಳಿ ಬಿಟ್ಟು ಬಿಗಿ ಮಾಡಬೇಕು. ಕಾಲು ತೆಗೆಯುವುದು ಆಮೇಲೆ. ಗುಳ್ಳೆ ನಿಲ್ಲುವವರೆಗೂ ಹೀಗೇ. ನಡುವೆ ಆಯಿಲ್ ಡಬ್ಬಿ ಖಾಲಿಯಾಗಬಾರದು.

6. ಎರಡೂ ಚಕ್ರ ಒಂದೇ ಸಮ ಹಿಡಿಯಬೇಕು. ಒಂದೇ ಹಿಡಿದರೆ ಗಾಡಿ ಓರೆಯಾಗಿ ಮೂಕಿ ಎತ್ತಿನ ಪಕ್ಕೆಗೆ ಬಡಿಯುತ್ತೆ. ಮೊದಲು ಖಾಲಿ ಗಾಡಿಯನ್ನು ಮಟ್ಟಸ ನೆಲದಲ್ಲಿ ಆಳುಗಳೇ ಎಳೆದು ನೋಡಿ. ಎತ್ತು ಕಟ್ಟುವುದು ಆಮೇಲೆ.

ಇಳಿಜಾರು ಶುರುವಾಗುವ ಮೊದಲೇ ಮೆಲ್ಲಗೆ ಒತ್ತುತ್ತಾ ಬರಬೇಕು, ಓಟ ಹತ್ತಿದ ಮೇಲೆ ಗಕ್ಕನೆ ಒತ್ತಬಾರದು. ಗಾಡಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುವುದನ್ನು ಮರೆಯಬೇಡಿ.

ಹಳೇ ಟೈರು ಸೇರಿ ನನಗೆ ಸುಮಾರು 20 ಸಾವಿರ ರೂಪಾಯಿ ಆಯ್ತು. ಈ ಆಕ್ಸಲ್ ತೂಕ ಜಾಸ್ತಿ. ಮಟ್ಟಸ ದಾರಿಯವರಿಗೆ ಗಾಡಿಗೆಂದೇ ಮಾಡಿದ ಹಗುರ ಆಕ್ಸಲ್ಲೇ ಒಳ್ಳೆಯದು. ಏರು, ತಗ್ಗು ಇರುವವರು ಮಾತ್ರ ಇದರ ತಂಟೆಗೆ ಹೋಗಿ.

ಈಗ ಏರಿ ಇಳಿಯುವಾಗ ಎತ್ತುಗಳು ತಲೆ ಎತ್ತಿಕೊಂಡು ನಡೆಯುತ್ತವೆ. ಇದನ್ನು ಒಂದು ವರ್ಷ ಮೊದಲೇ ಮಾಡಿದ್ದರೆ ಆ ಎತ್ತು ಇವತ್ತೂ ನನ್ನ ಕೊಟ್ಟಿಗೆಯಲ್ಲಿ ಇರುತ್ತಿತ್ತು.