ಮಾವನ ಯೆಜ್ಡಿ ಕಲಿಸಿದ ಟೂ-ಸ್ಟ್ರೋಕ್ ಪಾಠ

ಗರಗದ ನಮ್ಮ ಮಾವನ ಹಿತ್ತಲಲ್ಲಿ ಒಂದು ಹಳೇ ಯೆಜ್ಡಿ ಇದೆ. ಹರೆಯದಾಗ ಧಾರವಾಡ ರೋಡಿಗೆ ರೇಸ್ ಬಿಟ್ಟ ಗಾಡಿ. "ಗುಜರಿಗೆ ಹಾಕ್ತೀನಿ" ಅಂದಾಗ ನಾವು ಮೂವರು ಸ್ಪ್ಯಾನರ್ ಹಿಡಿದು ಹೋದ್ವಿ.

ಯೆಜ್ಡಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಅದು 1996ರಲ್ಲಿ ಮುಚ್ಚಿತು. ಎಂಜಿನ್ 250 ಸಿಸಿ ಟೂ-ಸ್ಟ್ರೋಕ್. ಫೋರ್-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ನ 2 ಸುತ್ತಿಗೆ ಒಂದು ಪವರ್ ಸ್ಟ್ರೋಕ್. ಇಲ್ಲಿ ಪ್ರತಿ ಸುತ್ತಿಗೂ ಒಂದು. ವಾಲ್ವ್ ಇಲ್ಲ, ಸಿಲಿಂಡರ್ ಗೋಡೆಯ ಪೋರ್ಟ್‌ಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಪೆಟ್ರೋಲ್ ಜೊತೆ ಆಯಿಲ್ ಕೂಡ ಉರಿಯುವುದರಿಂದ ಎಕ್ಸಾಸ್ಟ್ ಪೋರ್ಟ್ ಮತ್ತು ಸೈಲೆನ್ಸರ್‌ನಲ್ಲಿ ಕಾರ್ಬನ್ ಕಟ್ಟುತ್ತೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಮಿಶ್ರಣ ಒಳಗೆ ಬರಲ್ಲ, ಪಿಕಪ್ ಬೀಳುತ್ತೆ.

ಪರೀಕ್ಷೆಯಲ್ಲಿ ಈ ಚಿತ್ರ ಬರೆದು ಪಾಸಾಗಿದ್ದ ನಮಗೆ ಪೋರ್ಟ್ ಎಲ್ಲಿದೆ ಅಂತ ಮಾವನೇ ತೋರಿಸಬೇಕಾಯ್ತು. ಕಾರ್ಬನ್ ಕೆರೆದ್ವಿ. ಯೆಜ್ಡಿಯಲ್ಲಿ ಗೇರಿಗೂ ಕಿಕ್‌ಗೂ ಒಂದೇ ಲಿವರ್; ಮಾವ ಅದನ್ನು ತಿರುಗಿಸಿ ಕಿಕ್ ಹೊಡೆದರು. ಆರನೇ ಕಿಕ್‌ಗೆ ಸ್ಟಾರ್ಟ್!

ಹಿತ್ತಲ ತುಂಬಾ ಹೊಗೆ. ಸುಡದ ಪೆಟ್ರೋಲ್ ಸ್ವಲ್ಪ ಹೊರಗೆ ಹೋಗುವುದೇ ಈ ಎಂಜಿನ್‌ನ ದೋಷ. ದಿನಾ ಓಡಿಸುವ ಗಾಡಿ ಇದಲ್ಲ ಅಂತ ನಮಗೂ ಗೊತ್ತು. ಆದರೆ ಮಾವ ಊರೊಳಗೆ ನಿಧಾನಕ್ಕೆ ಒಂದು ಸುತ್ತು ಹೊಡೆದು ಬಂದರು. ಆಮೇಲೆ ಗುಜರಿ ಮಾತು ಎತ್ತಲಿಲ್ಲ.