ಎರಡು ಬಾರಿ ಗೆದ್ದ ಪರೀಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರೌಢಶಾಲೆಗಳಲ್ಲಿ ಒಂದು ವಿಶೇಷ ಏರ್ಪಾಡಿದೆ. ಕಾಲೇಜಿನ ಮೊದಲ ವರ್ಷದಲ್ಲಿ ಕಲಿಯಬೇಕಾದ ವಿಷಯವನ್ನು ವಿದ್ಯಾರ್ಥಿಗಳು ಶಾಲೆಯಲ್ಲಿದ್ದಾಗಲೇ ಅಭ್ಯಾಸಮಾಡಿ, ಮೇ ತಿಂಗಳಲ್ಲಿ ನಡೆಯುವ ಪರೀಕ್ಷೆಗೆ ಕುಳಿತುಕೊಳ್ಳಬಹುದು. ಇದಕ್ಕೆ 'ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್' ಎಂದು ಹೆಸರು. 1955ರಿಂದ ಇದನ್ನು ಕಾಲೇಜ್ ಬೋರ್ಡ್ ಎಂಬ ಸಂಸ್ಥೆ ನಡೆಸಿಕೊಂಡು ಬಂದಿದೆ. ಪರೀಕ್ಷೆಯ ಗರಿಷ್ಠ ಅಂಕ 5. ಮೂರು ಅಥವಾ ಅದಕ್ಕಿಂತ ಹೆಚ್ಚು ಪಡೆದವರಿಗೆ ಅನೇಕ ಕಾಲೇಜುಗಳು ಆ ವಿಷಯವನ್ನು ಮತ್ತೆ ಓದುವ ಹೊರೆಯನ್ನು ತಪ್ಪಿಸುತ್ತವೆ. ಮೊದಮೊದಲು ಈ ಸೌಲಭ್ಯವು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳ ಪಾಲಿನದಾಗಿತ್ತು.

ಲಾಸ್ ಏಂಜಲೀಸಿನ ಪೂರ್ವಕ್ಕಿರುವ ಗಾರ್‌ಫೀಲ್ಡ್ ಪ್ರೌಢಶಾಲೆ ಅಂತಹ ಶಾಲೆಯಲ್ಲ. ಮೆಕ್ಸಿಕೊ ಮೂಲದ ಶ್ರಮಜೀವಿಗಳ ಮಕ್ಕಳೇ ಅಲ್ಲಿ ಬಹುಸಂಖ್ಯಾತರು. 1974ರಲ್ಲಿ ಹೈಮೆ ಎಸ್ಕಲಾಂಟೆ ಎಂಬವರು ಅಲ್ಲಿಗೆ ಉಪಾಧ್ಯಾಯರಾಗಿ ಬಂದರು. ಬೊಲಿವಿಯಾ ದೇಶದಲ್ಲಿ 1930ರಲ್ಲಿ ಹುಟ್ಟಿ, ಅಲ್ಲಿಯೇ ಉಪಾಧ್ಯಾಯರಾಗಿ ಹೆಸರು ಗಳಿಸಿದ್ದ ಅವರು, ಅಮೆರಿಕಕ್ಕೆ ವಲಸೆ ಬಂದ ಮೇಲೆ ಕಾಫಿ ಅಂಗಡಿಯೊಂದರಲ್ಲಿ ನೆಲ ಒರೆಸಿ ಜೀವನ ಸಾಗಿಸಿದ್ದರು. ಇಂಗ್ಲಿಷ್ ಕಲಿತು, ಮತ್ತೆ ವಿದ್ಯಾರ್ಥಿಯಾಗಿ ಪದವಿ ಪಡೆದಿದ್ದರು.

ಎಸ್ಕಲಾಂಟೆಯವರು ಕಲಿಸಲು ಆರಿಸಿಕೊಂಡದ್ದು ಕಲನಶಾಸ್ತ್ರವನ್ನು. ಕ್ಷಣಕ್ಷಣಕ್ಕೂ ಬದಲಾಗುವ ವೇಗವನ್ನೂ ವಕ್ರರೇಖೆಗಳು ಸುತ್ತುವರಿದ ಕ್ಷೇತ್ರವನ್ನೂ ಲೆಕ್ಕಹಾಕುವ ಗಣಿತವಿದು. ಬೀಜಗಣಿತವೂ ತ್ರಿಕೋನಮಿತಿಯೂ ಗಟ್ಟಿಯಾಗದೆ ಇದರ ಬಾಗಿಲು ತೆರೆಯದು. ಆದುದರಿಂದ ಶಾಲೆ ಆರಂಭವಾಗುವ ಮುನ್ನ, ಬಿಟ್ಟ ಬಳಿಕ, ರಜಾದಿನಗಳಲ್ಲಿ ಕೂಡ ಪಾಠ ನಡೆಯುತ್ತಿತ್ತು. ವಿದ್ಯಾರ್ಥಿಗಳಿಂದ ಅವರು ಬಯಸುತ್ತಿದ್ದುದು 'ಗಾನಾಸ್' ಒಂದನ್ನೇ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಕಲಿಯಬೇಕೆಂಬ ಹಟ, ಹಂಬಲ ಎಂಬ ಅರ್ಥ ಬರುತ್ತದೆ. 1979ರಲ್ಲಿ ಪರೀಕ್ಷೆಗೆ ಕುಳಿತವರು ಐವರೇ. 1982ರಲ್ಲಿ 18 ಮಂದಿ ಕುಳಿತರು, ಎಲ್ಲರೂ ತೇರ್ಗಡೆಯಾದರು.

ಸಂತೋಷ ಬಹುಕಾಲ ಉಳಿಯಲಿಲ್ಲ. ಕೆಲವು ಉತ್ತರಪತ್ರಿಕೆಗಳಲ್ಲಿ ಒಂದೇ ಬಗೆಯ ತಪ್ಪುಗಳಿವೆಯೆಂದು ಪರೀಕ್ಷಾ ಸಂಸ್ಥೆಯು 14 ಮಂದಿಯ ಫಲಿತಾಂಶವನ್ನು ಸಂಶಯಿಸಿತು. ಒಬ್ಬರೇ ಗುರುಗಳಿಂದ ಒಂದೇ ವಿಧಾನ ಕಲಿತವರು ಒಂದೇ ರೀತಿ ತಪ್ಪುವುದು ಅಸಂಭವವೇನಲ್ಲ. ಶ್ರೀಮಂತ ಬಡಾವಣೆಯ ಮಕ್ಕಳಾಗಿದ್ದರೆ ಈ ಸಂಶಯ ಬರುತ್ತಿತ್ತೇ ಎಂದು ಹಲವರು ಕೇಳಿದರು. ವಿದ್ಯಾರ್ಥಿಗಳದು ಇಕ್ಕಟ್ಟಿನ ಸ್ಥಿತಿ. ಮರುಪರೀಕ್ಷೆಗೆ ಒಪ್ಪಿದರೆ ಆರೋಪವನ್ನು ಮನ್ನಿಸಿದಂತೆ. ಒಪ್ಪದಿದ್ದರೆ ಅಂಕಗಳೂ ಹೋಗುವುವು, ಕಳಂಕವೂ ಉಳಿಯುವುದು. ಕೊನೆಗೆ ಆಗಸ್ಟ್ ತಿಂಗಳಲ್ಲಿ 12 ಮಂದಿ ಹೊಸ ಪ್ರಶ್ನೆಪತ್ರಿಕೆಯನ್ನು ಎದುರಿಸಿದರು. ಹನ್ನೆರಡು ಮಂದಿಯೂ ಮತ್ತೆ ತೇರ್ಗಡೆಯಾದರು.

ಈ ವೃತ್ತಾಂತವನ್ನು ಆಧರಿಸಿ 1988ರಲ್ಲಿ ಒಂದು ಚಲನಚಿತ್ರ ತೆರೆಕಂಡಿತು. ಅದನ್ನು ನೋಡಿದವರಿಗೆ, ಸಾಮಾನ್ಯ ಲೆಕ್ಕವೂ ಬಾರದ ಮಕ್ಕಳು ಸ್ವಲ್ಪ ಕಾಲದಲ್ಲೇ ಕಲನಶಾಸ್ತ್ರಜ್ಞರಾದರೆಂದು ತೋರುವುದುಂಟು. ಚಿತ್ರಕ್ಕೆ ಅವಸರವಿರುತ್ತದೆ, ಗಣಿತಕ್ಕೆ ಅದಿಲ್ಲ. ವಾಸ್ತವವಾಗಿ 1982ರ ಫಲಿತಾಂಶದ ಹಿಂದೆ ಎಂಟು ವರ್ಷಗಳ ದುಡಿಮೆಯಿತ್ತು. ಆಮೇಲೂ ಎಸ್ಕಲಾಂಟೆಯವರು ಕಿರಿಯ ತರಗತಿಗಳ ಬೀಜಗಣಿತದತ್ತಲೇ ಗಮನವಿಟ್ಟರು. ಸಮೀಪದ ಕಾಲೇಜಿನಲ್ಲಿ ಬೇಸಿಗೆಯ ಪಾಠಗಳನ್ನು ಏರ್ಪಡಿಸಿದರು. 1987ರಲ್ಲಿ ಆ ಒಂದೇ ಶಾಲೆಯಿಂದ 80ಕ್ಕೂ ಹೆಚ್ಚು ಮಂದಿ ಕಲನಶಾಸ್ತ್ರದ ಪರೀಕ್ಷೆಯಲ್ಲಿ ಉತ್ತೀರ್ಣರಾದರು.